ಹಲಗೆಗೆ ಮೂಗು ತಾಗಿಸಿ ಕೆತ್ತಿದ ಕಲಾವಿದ

ಬ್ಯಾಂಕಿನಲ್ಲಿ ಚಲನ್ ಮೇಲೆ ಒತ್ತುವ ಠಸ್ಸೆಯನ್ನು ನೀವು ಯಾವಾಗಲಾದರೂ ತಿರುಗಿಸಿ ನೋಡಿದ್ದೀರಾ? ಅದರ ಮೇಲಿನ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾಗಿರುತ್ತವೆ. ಮಸಿಯ ಪ್ಯಾಡಿಗೆ ಒತ್ತಿ ಕಾಗದದ ಮೇಲಿಟ್ಟಾಗಲೇ ಅವು ಸರಿಯಾಗಿ ಮೂಡುವುದು. ಗುಮಾಸ್ತನಾಗಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದ ನಾನು ಇಂಥ ಠಸ್ಸೆಯನ್ನು ಅದೆಷ್ಟು ಸಾವಿರ ಸಲ ಒತ್ತಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೆ ಇದೇ ಉಪಾಯದಿಂದ ಜಗತ್ತೇ ಬೆರಗಾಗುವಂಥ ಚಿತ್ರಗಳನ್ನು ಮಾಡಬಹುದು ಎಂದು ನನಗೆ ತಿಳಿದದ್ದು ನಿವೃತ್ತಿಯ ನಂತರ, ಜಪಾನಿನ ಕಲೆಯ ಬಗ್ಗೆ ಓದಲು ಶುರುಮಾಡಿದ ಮೇಲೆ.

ಮರದ ಹಲಗೆಯ ಮೇಲೆ ಚಿತ್ರವನ್ನು ತಿರುವುಮುರುವಾಗಿ ಕೆತ್ತುವುದು, ಬಿಳಿ ಉಳಿಯಬೇಕಾದ ಕಡೆ ಉಳಿಯಿಂದ ಮರವನ್ನು ತೆಗೆದುಹಾಕುವುದು, ಉಬ್ಬಾಗಿ ಉಳಿದ ಭಾಗಕ್ಕೆ ಮಸಿ ಬಳಿದು ಮೇಲೆ ಕಾಗದ ಹಾಸುವುದು, ಕಾಗದದ ಬೆನ್ನನ್ನು ಬಿದಿರಿನ ಸಿಪ್ಪೆ ಸುತ್ತಿದ ದುಂಡನೆಯ ಬಿಲ್ಲೆಯಿಂದ ತಿಕ್ಕುವುದು, ಇಷ್ಟೇ ವಿಧಾನ. ಆ ಬಿಲ್ಲೆಗೆ ಜಪಾನಿನಲ್ಲಿ 'ಬರೆನ್' ಎನ್ನುತ್ತಾರೆ. ಯಂತ್ರವಿಲ್ಲ, ಒತ್ತುಗಾಣವಿಲ್ಲ. ಹೊಕುಸಾಯ್ ಎಂಬ ಕಲಾವಿದರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಹೆಡೆ ಎತ್ತಿದ ಹಾವಿನಂತೆ ಬಾಗಿದ ನೀಲಿ ಅಲೆ, ದೂರದಲ್ಲಿ ಪುಟ್ಟದಾಗಿ ಕಾಣುವ ಫುಜಿ ಪರ್ವತ. ಆ ಚಿತ್ರವೂ ಮರದಚ್ಚಿನದೇ. 2024ರಲ್ಲಿ ಬಂದ ಜಪಾನಿನ ಹೊಸ ಸಾವಿರ ಯೆನ್ ನೋಟಿನ ಹಿಂಬದಿಯಲ್ಲಿ ಆ ಅಲೆಯೇ ಇದೆ.

ಹೊಕುಸಾಯ್ ಕಾಲದಲ್ಲಿ ಈ ಕೆಲಸ ನಾಲ್ಕು ಕೈಗಳಲ್ಲಿ ಹಂಚಿಹೋಗಿತ್ತು. ಚಿತ್ರ ಬರೆಯುವವರು ಒಬ್ಬರು, ಕೆತ್ತುವವರು ಇನ್ನೊಬ್ಬರು, ಅಚ್ಚು ಹಾಕುವವರು ಮತ್ತೊಬ್ಬರು, ಬಂಡವಾಳ ಹಾಕಿ ಮಾರುವ ಪ್ರಕಾಶಕರು ಮಗದೊಬ್ಬರು. ಇಪ್ಪತ್ತನೆಯ ಶತಮಾನ ಹುಟ್ಟುವಾಗ ಕೆಲವು ತರುಣರಿಗೆ ಇದು ಸಾಕೆನಿಸಿತು. ತಾನೇ ಬರೆದು, ತಾನೇ ಕೆತ್ತಿ, ತಾನೇ ಅಚ್ಚು ಹಾಕಿದರೆ ಮಾತ್ರ ಅದು ತನ್ನ ಚಿತ್ರ ಎಂದು ಅವರು ನಂಬಿದರು. 1904ರಲ್ಲಿ ಯಮಮೊತೊ ಕನಾಯೆ ಎಂಬವರು ಹೀಗೆ ಒಬ್ಬ ಮೀನುಗಾರನ ಚಿತ್ರ ಮಾಡಿದರು. ಆ ಹೊಸ ದಾರಿಯಲ್ಲಿ ನಡೆದು ಬಹುದೂರ ಹೋದವರು ಮುನಕಾತಾ ಶಿಕೋ. ಇವತ್ತು ನಾನು ಹೇಳಹೊರಟಿರುವುದು ಅವರ ಕಥೆ.

ಕಮ್ಮಾರನ ಮಗ

ಜಪಾನಿನ ಮುಖ್ಯ ದ್ವೀಪದ ಉತ್ತರದ ತುದಿಯಲ್ಲಿ ಅವೊಮೊರಿ ಎಂಬ ಊರಿದೆ. ಚಳಿಗಾಲ ಬಂತೆಂದರೆ ಆಳೆತ್ತರದ ಹಿಮ. 1903ರ ಸೆಪ್ಟೆಂಬರ್ 5ರಂದು ಶಿಕೋ ಹುಟ್ಟಿದ್ದು ಅಲ್ಲಿ. ತಂದೆ ಕಮ್ಮಾರ. ಮನೆ ತುಂಬ ಮಕ್ಕಳು, ಒಟ್ಟು ಹದಿನೈದು ಮಂದಿ. ಕುಲುಮೆಯ ಸಂಪಾದನೆಯಲ್ಲಿ ಅಷ್ಟು ಹೊಟ್ಟೆ ತುಂಬುವುದು ಸುಲಭವೇ? ಪ್ರಾಥಮಿಕ ಶಾಲೆ ಮುಗಿದ ಕೂಡಲೇ ಹುಡುಗ ಓದು ಬಿಟ್ಟು ಕುಲುಮೆಗೆ ನಿಂತ.

ಬಡತನದ ಜೊತೆಗೆ ಇನ್ನೊಂದು ತೊಂದರೆಯೂ ಇತ್ತು. ಚಳಿಗೆ ಮನೆಯೊಳಗೇ ಬೆಂಕಿಗೂಡಿನಲ್ಲಿ ಸೌದೆ ಉರಿಸುತ್ತಿದ್ದರು. ಆ ಹೊಗೆ, ಮಸಿಗೆ ಎಳೆಯ ವಯಸ್ಸಿನಲ್ಲೇ ಅವನ ಕಣ್ಣು ಕೆಟ್ಟಿತು ಎನ್ನುತ್ತಾರೆ. ದೂರದ್ದು ಏನೂ ಸರಿಯಾಗಿ ಕಾಣಿಸುತ್ತಿರಲಿಲ್ಲ. ಮುಂದೆ ಜೀವನಪೂರ್ತಿ ಅವರ ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ ಇದ್ದೇ ಇತ್ತು.

ಆದರೆ ಆ ಊರು ಬಣ್ಣದ ವಿಷಯದಲ್ಲಿ ಬಡವಾಗಿರಲಿಲ್ಲ. ಬೇಸಿಗೆಯಲ್ಲಿ ಅಲ್ಲಿ ನೆಬುತ ಎಂಬ ಹಬ್ಬ ನಡೆಯುತ್ತದೆ. ಕಾಗದದಿಂದ ಮಾಡಿದ ವೀರರ, ರಾಕ್ಷಸರ ಭಾರೀ ಬೊಂಬೆಗಳ ಒಳಗೆ ದೀಪವಿಟ್ಟು ಮೆರವಣಿಗೆ ಮಾಡುತ್ತಾರೆ. ಕಪ್ಪು ಗೆರೆಯ ದಪ್ಪ ಹುಬ್ಬು, ದೊಡ್ಡ ಕಣ್ಣು, ಉರಿಯುವ ಕೆಂಪು. ಗಾಳಿಪಟಗಳ ಮೇಲೂ ಅದೇ ವೀರರು. ಕಣ್ಣು ಮಂಜಾದ ಹುಡುಗನಿಗೂ ಕಾಣಿಸುವಂಥ ಚಿತ್ರಗಳು ಇವು! ಮುಂದೆ ಅವರು ಕೆತ್ತಿದ ದಪ್ಪ ಗೆರೆಗಳಲ್ಲಿ ಈ ಹಬ್ಬದ ನೆನಪು ಕಾಣುತ್ತದೆ.

ನೀರಿನಂಚಿನ ಬಿಳಿ ಹೂ

ಶಾಲೆಯ ದಿನಗಳಲ್ಲಿ ನಡೆದ ಒಂದು ಘಟನೆಯನ್ನು ಶಿಕೋ ಮರೆಯಲಿಲ್ಲ. ಒಂದು ದಿನ ಊರ ಬಳಿಯ ಗದ್ದೆಗೆ ವಿಮಾನವೊಂದು ಬಂದು ಇಳಿಯಿತು, ಇಳಿಯಿತು ಎನ್ನುವುದಕ್ಕಿಂತ ಬಿತ್ತು ಎನ್ನಬೇಕು. ವಿಮಾನವನ್ನೇ ಕಾಣದ ಕಾಲ ಅದು. ಮಕ್ಕಳೆಲ್ಲ ಎದ್ದೆನೋ ಬಿದ್ದೆನೋ ಎಂದು ಓಡಿದರು. ಶಿಕೋ ತೊರೆಯ ಹತ್ತಿರ ಮುಗ್ಗರಿಸಿ ಬಿದ್ದ. ತಲೆ ಎತ್ತಿದಾಗ ಕಣ್ಣಿನ ಮುಂದೆಯೇ, ಒಂದು ಗೇಣು ದೂರದಲ್ಲಿ, ನೀರಿನಂಚಿನಲ್ಲಿ ಬೆಳೆಯುವ ಸಣ್ಣ ಬಿಳಿ ಹೂವೊಂದು ಅರಳಿತ್ತು. ಅದರ ಚೆಲುವಿಗೆ ಹುಡುಗ ಬೆರಗಾಗಿಬಿಟ್ಟ. ಈ ಚೆಲುವನ್ನು ನಾನು ಹೇಗಾದರೂ ಮಾಡಿ ತೋರಿಸಬೇಕು ಎಂದು ಆಗ ಮನಸ್ಸಿಗೆ ಬಂತಂತೆ.

ಮಿಕ್ಕ ಮಕ್ಕಳು ಕಂಡದ್ದು ವಿಮಾನ. ಇವನು ಕಂಡದ್ದು ಹೂ. ದೂರದ್ದು ಕಾಣದವನಿಗೆ ಹತ್ತಿರದ್ದು ಅಷ್ಟು ನಿಚ್ಚಳವಾಗಿ ಕಂಡಿತು.

ಹದಿನೇಳನೆಯ ವಯಸ್ಸಿಗೆ ಅವೊಮೊರಿಯ ನ್ಯಾಯಾಲಯದಲ್ಲಿ ವಕೀಲರ ಕೊಠಡಿಯ ಕೆಲಸ ಸಿಕ್ಕಿತು. ಕೂಗಿದಲ್ಲಿಗೆ ಓಡುವುದು, ಹೇಳಿದ್ದು ತಂದುಕೊಡುವುದು. ನಮ್ಮ ಕಚೇರಿಗಳ ಅಟೆಂಡರ್ ಇದ್ದಂತೆ ಎನ್ನಿ. ಬಿಡುವು ಸಿಕ್ಕರೆ ಸಾಕು, ಕಡಲ ದಡದ ಉದ್ಯಾನಕ್ಕೆ ಹೋಗಿ ಚಿತ್ರ ಬರೆಯುತ್ತಿದ್ದ. ಬರೆದು ಮುಗಿದ ಮೇಲೆ ತಾನು ಚಿತ್ರಿಸಿದ ಮರ, ಕಡಲು, ಬೆಟ್ಟಗಳಿಗೆ ಕೈಮುಗಿದು ಬರುತ್ತಿದ್ದನಂತೆ. ಹೊಲ ಉತ್ತು ಮುಗಿಸಿದ ರೈತ ನೇಗಿಲಿಗೆ ಕೈಮುಗಿಯುವುದನ್ನು ಕಂಡ ನಮಗೆ ಇದು ವಿಚಿತ್ರವೆನಿಸಲಾರದು.

ಆ ದಿನಗಳಲ್ಲೇ ಊರಿನ ಚಿತ್ರಕಾರರೊಬ್ಬರು 'ಶಿರಕಾಬಾ' ಎಂಬ ಪತ್ರಿಕೆಯಲ್ಲಿ ಅಚ್ಚಾಗಿದ್ದ ಒಂದು ವರ್ಣಚಿತ್ರವನ್ನು ಅವನಿಗೆ ತೋರಿಸಿದರು. ಹಾಲೆಂಡಿನ ವ್ಯಾನ್ ಗೋ ಬರೆದ ಸೂರ್ಯಕಾಂತಿ ಹೂಗಳು. ಹುಡುಗನಿಗೆ ಹುಚ್ಚೇ ಹಿಡಿದಂತಾಯಿತು. ನಾನೂ ವ್ಯಾನ್ ಗೋ ಆಗುತ್ತೇನೆ ಎಂದು ಊರ ಭಾಷೆಯಲ್ಲೇ ಸಾರಿಕೊಂಡು ತಿರುಗಿದ. ಕಮ್ಮಾರನ ಮಗ, ಕೋರ್ಟಿನ ಅಟೆಂಡರ್, ಅದರಲ್ಲೂ ಕಣ್ಣು ಕಾಣದವನು. ಕೇಳಿದವರು ನಕ್ಕಿರಲಾರರೇ?

ನಾಲ್ಕು ಸಲ ವಾಪಸು

1924ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ ಶಿಕೋ ಟೋಕಿಯೋಗೆ ಹೋದರು. ಸರ್ಕಾರ ನಡೆಸುತ್ತಿದ್ದ ದೊಡ್ಡ ಕಲಾಪ್ರದರ್ಶನಕ್ಕೆ ತೈಲಚಿತ್ರ ಕಳಿಸಿದರು. ವಾಪಸು ಬಂತು. ಮತ್ತೆ ಕಳಿಸಿದರು. ಮತ್ತೆ ವಾಪಸು. ಹೀಗೆ ನಾಲ್ಕು ಸಲ. ಹೊಟ್ಟೆಪಾಡಿಗೆ ಸಿಕ್ಕಿದ ಕೆಲಸ ಮಾಡುತ್ತ, ರಾತ್ರಿ ಚಿತ್ರ ಬರೆಯುತ್ತ ದಿನ ದೂಡಿದರು. ಕೊನೆಗೆ 1928ರಲ್ಲಿ ಅವರ ಒಂದು ಚಿತ್ರ ಆಯ್ಕೆಯಾಯಿತು.

ಸ್ವಾರಸ್ಯ ಇರುವುದು ಇಲ್ಲಿ. ಬೇಕಾದ ಬಾಗಿಲು ತೆರೆದ ಹೊತ್ತಿಗೆ ಅವರ ಮನಸ್ಸು ಬೇರೆಡೆ ಹೊರಳಿತ್ತು. 1926ರಲ್ಲಿ ಕವಕಾಮಿ ಸುಮಿಯೊ ಎಂಬ ಕಲಾವಿದರ ಮರದಚ್ಚಿನ ಚಿತ್ರವೊಂದನ್ನು ಅವರು ಕಂಡಿದ್ದರು. ಮುಂಗಾಳಿಗೆ ಬಟ್ಟೆ ಹಾರುತ್ತಿರುವ ಒಬ್ಬ ಹೆಂಗಸಿನ ಚಿತ್ರ ಅದು. ಅಲ್ಲಿಂದ ಅವರ ತಲೆಯಲ್ಲಿ ಒಂದು ಯೋಚನೆ ಕೊರೆಯತೊಡಗಿತು. ತೈಲಚಿತ್ರ ಪಶ್ಚಿಮದವರ ವಿದ್ಯೆ. ಅದರಲ್ಲಿ ನಾನು ಎಷ್ಟು ಪಳಗಿದರೂ ಅವರ ಹಿಂದೆಯೇ ಉಳಿಯುತ್ತೇನೆ. ಆದರೆ ನಾನು ಗುರುವೆಂದು ನಂಬಿದ ವ್ಯಾನ್ ಗೋ ಮೆಚ್ಚಿಕೊಂಡದ್ದು ಯಾವುದನ್ನು? ನಮ್ಮ ಜಪಾನಿನ ಮರದಚ್ಚಿನ ಚಿತ್ರಗಳನ್ನೇ ಅಲ್ಲವೇ? ಹಾಗಿದ್ದರೆ ನಾನು ಹುಡುಕುತ್ತಿರುವುದು ನನ್ನ ಮನೆಯ ಅಂಗಳದಲ್ಲೇ ಇದೆ!

ಇನ್ನೊಂದು ಕಾರಣವೂ ಇತ್ತು. ತೈಲಚಿತ್ರಕ್ಕೆ ಹತ್ತಿರ, ದೂರದ ಅಂದಾಜು ಬೇಕು. ಹಿಂದೆ ಸರಿದು ನಿಂತು ನೋಡಬೇಕು. ಅವರ ಕಣ್ಣಿಗೆ ಅದು ಕಷ್ಟ. ಹಲಗೆಯಾದರೋ ತೊಡೆಯ ಮುಂದೆಯೇ ಇರುತ್ತದೆ. ಬಾಗಿದರಾಯಿತು. ಹಿರಾತ್ಸುಕ ಉನ್‌ಇಚಿ ಎಂಬ ಹಿರಿಯ ಕಲಾವಿದರಿಂದ ಅವರು ಉಳಿ ಹಿಡಿಯುವುದನ್ನು ಕಲಿತರು.

ಕರಡಿ ಮರಿ ಬರುತ್ತಿದೆ

1936ರಲ್ಲಿ ಜಪಾನಿನ ಪುರಾಣದ ರಾಜಕುಮಾರ ಯಮಾತೊ ತಕೇರುವಿನ ಕಥೆಯನ್ನು ಶಿಕೋ ಹಲಗೆಗಿಳಿಸಿದರು. ಚಿತ್ರ ಮಾತ್ರವಲ್ಲ, ಕಥೆಯ ಅಕ್ಷರಗಳನ್ನೂ ಅದರ ಜೊತೆಗೇ ಕೆತ್ತಿದ್ದರು. ಇಪ್ಪತ್ತು ಹಾಳೆಗಳ ಆ ಸಾಲನ್ನು ಪ್ರದರ್ಶನಕ್ಕೆ ತಂದಾಗ, ಇಷ್ಟು ಉದ್ದದ್ದಕ್ಕೆ ಜಾಗವಿಲ್ಲ ಎಂಬ ತಕರಾರು ಎದ್ದಿತು. ಅದೃಷ್ಟಕ್ಕೆ ಅಲ್ಲಿದ್ದ ಕುಂಬಾರಕಲೆಯ ಹಮಾದಾ ಶೋಜಿ ಅದನ್ನು ನೋಡಿದರು. ಅವರ ಗೆಳೆಯ ಯಾನಾಗಿ ಸೊಯೆತ್ಸು ಅವರೂ ನೋಡಿದರು. ಈ ಯಾನಾಗಿ ಸಾಮಾನ್ಯರಲ್ಲ. ಹಳ್ಳಿಯವರು ದಿನವೂ ಬಳಸುವ ಬಟ್ಟಲು, ಬುಟ್ಟಿ, ಬಟ್ಟೆಗಳಲ್ಲಿ ಸೌಂದರ್ಯವಿದೆ ಎಂದು ದೇಶಕ್ಕೆ ತೋರಿಸಿಕೊಟ್ಟವರು. ಅದೇ ವರ್ಷ ಟೋಕಿಯೋದಲ್ಲಿ ಜನಪದ ಕರಕುಶಲ ಕಲೆಗಳ ವಸ್ತುಸಂಗ್ರಹಾಲಯ ತೆರೆದರು. ಶಿಕೋ ಅವರ ಇಡೀ ಕೃತಿಯನ್ನು ಅದಕ್ಕಾಗಿ ಕೊಂಡರು.

ಆ ಗೆಳೆಯರ ಗುಂಪಿನ ಮತ್ತೊಬ್ಬರು ಕ್ಯೋಟೋದ ಕವಾಯ್ ಕಂಜಿರೊ. ಅವರೂ ಕುಂಬಾರರೇ. ಶಿಕೋ ಅವರನ್ನು ತಮ್ಮ ಮನೆಗೆ ಕರೆದೊಯ್ಯುವ ಮುನ್ನ, ಕರಡಿ ಮರಿಯೊಂದನ್ನು ಕರೆತರುತ್ತಿದ್ದೇನೆ ಎಂದು ಮನೆಗೆ ತಂತಿ ಕಳಿಸಿದರಂತೆ! ಕೆದರಿದ ಕೂದಲು, ದಪ್ಪ ಕನ್ನಡಕ, ಬಾಯಿ ತುಂಬ ಮಾತು, ಕೈ ತುಂಬ ಬಲ. ಹೆಸರು ಸರಿಯಾಗಿಯೇ ಒಪ್ಪುತ್ತಿತ್ತು. ಆ ಮನೆಯಲ್ಲಿ 'ಕರಡಿ ಮರಿ'ಗೆ ಬೌದ್ಧ ಗ್ರಂಥಗಳ ಪಾಠವಾಯಿತು. ಪ್ರಾಥಮಿಕ ಶಾಲೆಗೆ ನಿಂತಿದ್ದ ಓದು ಮೂವತ್ತಮೂರನೆಯ ವಯಸ್ಸಿಗೆ ಮುಂದುವರಿಯಿತು.

ಬುದ್ಧನ ಹತ್ತು ಶಿಷ್ಯರು

ಆ ಪಾಠದ ಫಲ 1939ರಲ್ಲಿ ಬಂತು. ಬುದ್ಧನ ಹತ್ತು ಮಂದಿ ಪ್ರಮುಖ ಶಿಷ್ಯರನ್ನೂ ಇಬ್ಬರು ಬೋಧಿಸತ್ವರನ್ನೂ ಅವರು ಕೆತ್ತಿದರು. ಒಂದೊಂದು ಚಿತ್ರವೂ ಹೆಚ್ಚುಕಡಿಮೆ ಮೂರಡಿ ಎತ್ತರ, ಒಂದಡಿ ಅಗಲ. ಹೆಸರುಗಳನ್ನು ಕೇಳಿ: ಶಾರಿಪುತ್ರ, ಮೌದ್ಗಲ್ಯಾಯನ, ಮಹಾಕಾಶ್ಯಪ, ಸುಭೂತಿ, ಪೂರ್ಣ, ಕಾತ್ಯಾಯನ, ಅನಿರುದ್ಧ, ಉಪಾಲಿ, ರಾಹುಲ, ಆನಂದ. ಎಲ್ಲ ನಮ್ಮ ನೆಲದ ಹೆಸರುಗಳೇ! ಗಂಗೆಯ ಬಯಲಿನಲ್ಲಿ ನಡೆದಾಡಿದ ಇವರು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ ಹಿಮದ ನಾಡಿನ ಕಮ್ಮಾರನ ಮಗನ ಉಳಿಯಲ್ಲಿ ಮತ್ತೆ ಎದ್ದು ನಿಂತರು.

ಕಪ್ಪು, ಬಿಳಿ ಎರಡೇ. ಹಲಗೆಯ ಅಂಚಿನಿಂದ ಅಂಚಿಗೆ ತುಂಬಿಕೊಂಡ ಆಕೃತಿಗಳು. ಒಬ್ಬನ ತಲೆ ಮೇಲಂಚಿಗೆ ತಾಗುತ್ತದೆ, ಇನ್ನೊಬ್ಬನ ಮೊಣಕೈ ಪಕ್ಕದಂಚಿಗೆ. ಹಲಗೆಯ ಚೌಕಟ್ಟು ಅವರನ್ನು ಬಂಧಿಸಿದೆಯೋ, ಅವರೇ ಅದನ್ನು ತಳ್ಳುತ್ತಿದ್ದಾರೋ ಎಂಬಂತೆ.

ಈ ಹತ್ತು ಮಂದಿಯಲ್ಲಿ ಅನಿರುದ್ಧನ ಕಥೆ ನನಗೆ ಬಹಳ ಹಿಡಿಸಿತು. ಬುದ್ಧನ ಉಪದೇಶದ ವೇಳೆ ಅವನು ತೂಕಡಿಸಿಬಿಟ್ಟನಂತೆ. ನಾಚಿಕೆಯಾಗಿ, ಇನ್ನು ನಿದ್ದೆಯನ್ನೇ ಮಾಡುವುದಿಲ್ಲ ಎಂದು ಹಟ ತೊಟ್ಟು ಕಣ್ಣು ಕಳೆದುಕೊಂಡನಂತೆ. ಹೊರಗಣ್ಣು ಹೋದ ಮೇಲೆ ಒಳಗಣ್ಣು ತೆರೆಯಿತು. ಶಿಷ್ಯರಲ್ಲೆಲ್ಲ ದಿವ್ಯದೃಷ್ಟಿಯುಳ್ಳವನು ಎಂಬ ಹೆಸರು ಅವನಿಗೇ ಬಂತು. ಹಲಗೆಗೆ ಮೂಗು ತಾಗಿಸಿಕೊಂಡು ಆ ಅನಿರುದ್ಧನನ್ನು ಕೆತ್ತುವಾಗ ಶಿಕೋ ಅವರ ಮನಸ್ಸಿನಲ್ಲಿ ಏನು ಓಡುತ್ತಿತ್ತೋ!

1942ರಿಂದ ಅವರು ತಮ್ಮ ಕಲೆಯ ಹೆಸರನ್ನು ಬರೆಯುವಾಗ ಒಂದು ಅಕ್ಷರ ಬದಲಿಸಿದರು. ಜಪಾನಿ ಭಾಷೆಯಲ್ಲಿ ಅಚ್ಚಿನ ಚಿತ್ರಕ್ಕೆ 'ಹಂಗಾ' ಎನ್ನುತ್ತಾರೆ. ಅದರಲ್ಲಿ 'ಅಚ್ಚು' ಎಂಬ ಅರ್ಥದ ಅಕ್ಷರವನ್ನು ಬಿಟ್ಟು 'ಹಲಗೆ' ಎಂಬ ಅರ್ಥದ ಅಕ್ಷರವನ್ನು ಹಾಕಿಕೊಂಡರು. ಉಚ್ಚಾರಣೆ ಅದೇ. ಚಿತ್ರ ನನ್ನದಲ್ಲ, ಹಲಗೆಯೊಳಗೇ ಇದೆ, ಅದರ ಮಾತು ಕೇಳುವುದಷ್ಟೇ ನನ್ನ ಕೆಲಸ ಎಂಬುದು ಅವರ ನಂಬಿಕೆ. ಬಣ್ಣ ಬೇಕೆನಿಸಿದಾಗ ಕಾಗದದ ಹಿಂಬದಿಯಿಂದ ಹಚ್ಚುತ್ತಿದ್ದರು. ತೆಳುವಾದ ಕಾಗದದ ಮೂಲಕ ಅದು ಮುಂಬದಿಗೆ ಮೆತ್ತಗೆ ಒಸರುತ್ತಿತ್ತು. ಈ ಸಲಹೆ ಕೊಟ್ಟವರು ಯಾನಾಗಿ.

ಕುರ್ಚಿಯ ಜೊತೆ ಉಳಿದ ಹಲಗೆಗಳು

ಎರಡನೆಯ ಮಹಾಯುದ್ಧದ ಕೊನೆಯ ವರ್ಷ, 1945. ಟೋಕಿಯೋ ಮೇಲೆ ಬಾಂಬುಗಳ ಮಳೆ. ಶಿಕೋ ಕುಟುಂಬ ಸಮೇತ ತೊಯಾಮಾ ಪ್ರಾಂತ್ಯದ ಫುಕುಮಿತ್ಸು ಎಂಬ ಊರಿಗೆ ಹೋದರು. ಹಲಗೆಗಳು ಟೋಕಿಯೋದ ಮನೆಯಲ್ಲೇ ಉಳಿದವು. ಆ ಹೊತ್ತಿನಲ್ಲಿ ಸಾಮಾನು ಸಾಗಿಸುವುದೆಂದರೆ ಹರಸಾಹಸ. ಹೆಂಡತಿ ಚಿಯಾ ಜಾಣತನದಿಂದ, ಗಂಡನಿಗೆ ಪ್ರಿಯವಾದ ಕುರ್ಚಿಯೊಂದನ್ನು ಕಳಿಸುವಾಗ ಅದು ಮುರಿಯದಂತೆ ಸುತ್ತ ಕಟ್ಟುವ ಹಲಗೆಗಳಾಗಿ ಶಿಷ್ಯರ ಅಚ್ಚುಹಲಗೆಗಳನ್ನೇ ಬಳಸಿದರಂತೆ. ಮೇ ತಿಂಗಳ ದಾಳಿಯಲ್ಲಿ ಮನೆ ಸುಟ್ಟುಹೋಯಿತು. ಅದರೊಂದಿಗೆ ಅದುವರೆಗಿನ ಬಹುಪಾಲು ಹಲಗೆಗಳೂ ಬೂದಿಯಾದವು. ಹತ್ತು ಶಿಷ್ಯರು ಉಳಿದರು. ಇಬ್ಬರು ಬೋಧಿಸತ್ವರು ಸುಟ್ಟುಹೋದರು.

ಮರದಚ್ಚಿನ ಕಲಾವಿದನಿಗೆ ಹಲಗೆ ಎಂದರೆ ಬೀಜದ ಭತ್ತ ಇದ್ದಂತೆ. ಅದು ಹೋದರೆ ಮುಂದಿನ ಬೆಳೆಯೂ ಹೋದಂತೆ. ಆದರೆ ಶಿಕೋ ಕೈಕಟ್ಟಿ ಕೂರಲಿಲ್ಲ. 1948ರಲ್ಲಿ ಆ ಇಬ್ಬರು ಬೋಧಿಸತ್ವರನ್ನು ಹೊಸದಾಗಿ ಕೆತ್ತಿ ಸಾಲನ್ನು ಪೂರ್ತಿ ಮಾಡಿದರು. ಈ ಹನ್ನೆರಡು ಚಿತ್ರಗಳೇ ಮುಂದೆ ಸಮುದ್ರ ದಾಟಿದವು. 1955ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊ ಪ್ರದರ್ಶನದಲ್ಲಿ ಅಚ್ಚುಚಿತ್ರಗಳ ಮೊದಲ ಬಹುಮಾನ, ಮರುವರ್ಷ ಇಟಲಿಯ ವೆನಿಸ್ ಪ್ರದರ್ಶನದಲ್ಲಿ ಅಚ್ಚುಚಿತ್ರಗಳ ಅತ್ಯುನ್ನತ ಬಹುಮಾನ. ತವರಿನಲ್ಲಿ ನಾಲ್ಕು ಸಲ ವಾಪಸು ಬಂದವರಿಗೆ ಜಗತ್ತು ಎದ್ದು ನಿಂತು ಚಪ್ಪಾಳೆ ತಟ್ಟಿತು.

ಕಣ್ಣು ಹೋದರೂ ಕೈ ನಿಲ್ಲಲಿಲ್ಲ

1960ರ ಹೊತ್ತಿಗೆ ಅವರ ಎಡಗಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಉಳಿದದ್ದು ಮೊದಲೇ ಮಂಜಾಗಿದ್ದ ಬಲಗಣ್ಣು. ಅವರು ಕೆಲಸ ಮಾಡುವ ದೃಶ್ಯಗಳ ಸಾಕ್ಷ್ಯಚಿತ್ರವಿದೆ. ತಲೆಗೆ ಪಟ್ಟಿ ಕಟ್ಟಿ, ನೆಲದ ಮೇಲೆ ಕುಳಿತು, ಮುಖವನ್ನು ಹಲಗೆಗೆ ಹೆಚ್ಚುಕಡಿಮೆ ಅಂಟಿಸಿಕೊಂಡು, ಬಾಯಲ್ಲಿ ಏನೋ ಗುನುಗುತ್ತ, ಕೈಯನ್ನು ಮಿಂಚಿನಂತೆ ಓಡಿಸುತ್ತಾರೆ. ಮರದ ಚಕ್ಕೆಗಳು ಸಿಡಿಯುತ್ತಿರುತ್ತವೆ. ನೋಡುವವರಿಗೆ ಉಸಿರು ಕಟ್ಟುತ್ತದೆ.

ಇವರ ಕಥೆಯನ್ನೇ ನಾನು ಆರಿಸಿಕೊಳ್ಳಲು ಒಂದು ಕಾರಣವಿದೆ. ಹೋದ ವರ್ಷ ನನ್ನ ಮೊಮ್ಮಗಳಿಗೆ ಕನ್ನಡಕ ಬಂತು. ನಾಲ್ಕನೆಯ ತರಗತಿ. ತರಗತಿಯಲ್ಲಿ ಹುಡುಗರು 'ಸೋಡಾಬುಡ್ಡಿ' ಎಂದರಂತೆ. ಚಿತ್ರ ಬರೆಯುವುದೆಂದರೆ ಪ್ರಾಣ ಬಿಡುತ್ತಿದ್ದ ಮಗು ಬಣ್ಣದ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, "ಇನ್ನು ನಾನು ಬರೆಯಲ್ಲ ತಾತ, ನನಗೆ ಕಣ್ಣು ಸರಿಯಿಲ್ಲವಲ್ಲ" ಎಂದಿತು. ನನ್ನದೂ ಬಲಗಣ್ಣು ಈಚೆಗೆ ಮಬ್ಬು. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಅಜ್ಜನೂ ಮೊಮ್ಮಗಳೂ ಒಂದೇ ದೋಣಿಯಲ್ಲಿ ಕುಳಿತಿದ್ದೆವು. ಭೂತಗನ್ನಡಿ ಹಿಡಿದು ಶಿಕೋ ಅವರ ಕಥೆಯನ್ನು ಅವಳಿಗೆ ಓದಿ ಹೇಳಿದೆ. ಕೇಳಿದವಳು ಏನೂ ಹೇಳಲಿಲ್ಲ. ಮರುದಿನ ಬಣ್ಣದ ಪೆಟ್ಟಿಗೆ ಮೇಜಿನ ಮೇಲಿತ್ತು.

ಮನೆಯಲ್ಲಿ ನೀವೂ ಇದನ್ನು ಮಾಡಿ ನೋಡಬಹುದು. ಉಳಿ, ಹಲಗೆ ದೊಡ್ಡವರಾದ ಮೇಲೆ ಇರಲಿ. ಅಡುಗೆಮನೆಯಿಂದ ಒಂದು ಬೆಂಡೆಕಾಯಿ ತನ್ನಿ. ಅಡ್ಡ ಕತ್ತರಿಸಿ, ಬಣ್ಣದಲ್ಲಿ ಅದ್ದಿ ಕಾಗದದ ಮೇಲೆ ಒತ್ತಿದರೆ ಐದೆಸಳಿನ ಹೂ! ಆಲೂಗೆಡ್ಡೆಯನ್ನು ಅರ್ಧ ಮಾಡಿ, ಅಮ್ಮನೋ ಅಪ್ಪನೋ ಪಕ್ಕದಲ್ಲಿದ್ದಾಗ, ನಿಮ್ಮ ಹೆಸರಿನ ಮೊದಲ ಅಕ್ಷರವನ್ನು ಕೊರೆಯಿರಿ. ಅಕ್ಷರ ತಿರುವುಮುರುವಾಗಿರಬೇಕು ಎಂಬುದು ಮಾತ್ರ ನೆನಪಿರಲಿ. ಒಂದೇ ಅಕ್ಷರಕ್ಕೆ ಎಷ್ಟು ಪರದಾಡುತ್ತೀರಿ ನೋಡಿ. ಅರೆಗಣ್ಣಿನಲ್ಲಿ ಇಡೀ ಪುರಾಣವನ್ನೇ ಕೆತ್ತಿದವರ ಬೆಲೆ ಆಗ ತಿಳಿಯುತ್ತದೆ.

ಮುಗಿಯದ ಇಸವಿ

1959ರಲ್ಲಿ ಅಮೆರಿಕದಿಂದ ಆಹ್ವಾನ ಬಂತು. ಪ್ರಾಥಮಿಕ ಶಾಲೆ ಓದಿದವರು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಕಲೆಯ ಪಾಠ ಮಾಡಿದರು. ಅಲ್ಲಿಂದ ಯೂರೋಪಿಗೆ ಹೋದಾಗ, ಫ್ರಾನ್ಸಿನ ಓವೇರ್ ಎಂಬ ಹಳ್ಳಿಗೂ ಹೋಗಿಬಂದರು. ವ್ಯಾನ್ ಗೋ ಮತ್ತು ಅವರ ತಮ್ಮ ಥಿಯೋ ಅಕ್ಕಪಕ್ಕ ಮಲಗಿರುವುದು ಅಲ್ಲಿ. ಎರಡು ಸರಳವಾದ ಕಲ್ಲುಗಳು, ಸುತ್ತ ಹಬ್ಬಿದ ಹಸಿರು ಬಳ್ಳಿ, ಅಷ್ಟೇ. ಹದಿಹರೆಯದಲ್ಲಿ ಪತ್ರಿಕೆಯ ಪುಟದಲ್ಲಿ ಕಂಡ ಗುರುವಿನ ಎದುರು ಶಿಷ್ಯ ಕೊನೆಗೂ ಬಂದು ನಿಂತಿದ್ದರು.

ಅವೊಮೊರಿ ನಗರ 1969ರಲ್ಲಿ ಅವರನ್ನು ತನ್ನ ಮೊದಲ ಗೌರವ ನಾಗರಿಕರನ್ನಾಗಿ ಮಾಡಿತು. 1970ರಲ್ಲಿ ಜಪಾನ್ ಸರ್ಕಾರ ಸಂಸ್ಕೃತಿ ಪದಕ ಕೊಟ್ಟು ಗೌರವಿಸಿತು. 1975ರ ಸೆಪ್ಟೆಂಬರ್ 13ರಂದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರ ಸಮಾಧಿ ಹುಟ್ಟೂರು ಅವೊಮೊರಿಯಲ್ಲಿದೆ. ವ್ಯಾನ್ ಗೋ ಸಮಾಧಿಯ ಮಾದರಿಯಲ್ಲೇ ಕಲ್ಲು ನಿಲ್ಲಿಸಿದ್ದಾರೆ. ಅದರ ಮೇಲೆ ಶಿಕೋ, ಚಿಯಾ ಇಬ್ಬರ ಹೆಸರಿದೆ. ಹುಟ್ಟಿದ ಇಸವಿ 1903 ಎಂದಿದೆ. ತೀರಿಕೊಂಡ ಇಸವಿ ಇರಬೇಕಾದ ಜಾಗದಲ್ಲಿ ಅಡ್ಡ ಮಲಗಿಸಿದ ಎಂಟರಂತಿರುವ ಒಂದು ಗುರುತು. ಗಣಿತದ ಮೇಷ್ಟ್ರನ್ನು ಕೇಳಿ, ಅನಂತ ಎಂದು ಹೇಳುತ್ತಾರೆ. ಬ್ಯಾಂಕಿನಲ್ಲಿ ಖಾತೆ ಮುಗಿದರೆ ಕೆಳಗೆ ಎರಡು ಗೆರೆ ಎಳೆದು ತಾರೀಖು ಹಾಕುವುದು ನಮ್ಮ ಪದ್ಧತಿ. ಕಮ್ಮಾರನ ಮಗ ಆ ಗೆರೆ ಎಳೆಯಲು ಯಾರಿಗೂ ಅವಕಾಶ ಕೊಡಲಿಲ್ಲ.